ಆರೋಗ್ಯವೆಂಬ ಹಿಂಗಾರಿ ಬೆಳೆ

ಪೊಲೀಸು ನೇಮಕಾತಿಯ ಪ್ರಕಟಣೆ ಹೊರಟಿತೆಂದರೆ ನಮ್ಮ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಮೈದಾನಗಳಿಗೆ ಒಮ್ಮಿಂದೊಮ್ಮೆಲೆ ಕಳೆ ಬರುವುದನ್ನು ಪಾಲಕರೆಲ್ಲರೂ ಕಂಡಿರಬಹುದು. ಅದುವರೆಗೆ ದನಗಳು ಮೇಯುತ್ತಿದ್ದ ಬಯಲಿನಲ್ಲಿ ನಸುಕಿನಲ್ಲಿಯೇ ಮೂವತ್ತು ನಲವತ್ತು ಮಂದಿ ತರುಣರು ಓಡತೊಡಗುತ್ತಾರೆ. ಎರಡನೆಯ ವಾರಕ್ಕೆ ಅವರ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಮೂರನೆಯ ವಾರದಲ್ಲಿ ಕೆಲವರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಇನ್ನು ಕೆಲವರ ಕೈಯಲ್ಲಿ ಬಣ್ಣಬಣ್ಣದ ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ಈ ತರುಣರಲ್ಲಿ ಬಹುಮಂದಿ ಕೂಲಿಯ ಮನೆಯವರು, ಒಣಬೇಸಾಯದ ಮನೆಯವರು. ಅವರಿಗೆ ಆ ನೌಕರಿಯೆಂದರೆ ಇಡಿಯ ಕುಟುಂಬದ ಅನ್ನದ ಪ್ರಶ್ನೆ. ಆದುದರಿಂದ ಅವರನ್ನು ಕಂಡು ನಗುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವರು ಹಿಡಿದ ದಾರಿಯು ಏಕೆ ಗುರಿ ಮುಟ್ಟುವುದಿಲ್ಲವೆಂಬುದನ್ನು ಇನ್ನೂ ಶಾಲೆಯಲ್ಲಿರುವ ಬಾಲಕ ಬಾಲಿಕೆಯರು ಈಗಲೇ ತಿಳಿದುಕೊಂಡರೆ ಮುಂದೆ ಅವರಿಗೆ ಆ ಪಾಡು ಬಾರದು ಎಂಬುದೇ ಈ ಲೇಖನಕ್ಕೆ ಕಾರಣ.

ಮೊದಲು ಲೆಕ್ಕವನ್ನು ನೋಡೋಣ. ೨೦೨೨ರ ತೆಲಂಗಾಣ ಪೊಲೀಸು ನೇಮಕಾತಿಯಲ್ಲಿ ಪುರುಷರು ೧೬೦೦ ಮೀಟರನ್ನು ೭ ನಿಮಿಷ ೧೫ ಸೆಕೆಂಡುಗಳಲ್ಲಿಯೂ ಸ್ತ್ರೀಯರು ೮೦೦ ಮೀಟರನ್ನು ೫ ನಿಮಿಷ ೨೦ ಸೆಕೆಂಡುಗಳಲ್ಲಿಯೂ ಓಡಬೇಕಾಗಿದ್ದಿತು. ಏಳನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಭಾಗಿಸಿ ನೋಡಬಲ್ಲನು. ಪುರುಷರಿಗೆ ಗಂಟೆಗೆ ಸುಮಾರು ೧೩ ಕಿಲೋಮೀಟರು, ಸ್ತ್ರೀಯರಿಗೆ ಸರಿಯಾಗಿ ೯ ಕಿಲೋಮೀಟರು ವೇಗವಾಯಿತು. ಇದು ದೇವತೆಗಳ ವೇಗವೇನೂ ಅಲ್ಲ. ಎರಡು ಮೂರು ವರ್ಷ ನಿತ್ಯವೂ ಅಷ್ಟಿಷ್ಟು ಓಡಿದ ಆರೋಗ್ಯವಂತನಾದ ಯಾವ ಹುಡುಗನಿಗೂ ಇದು ಎಟಕುವ ಮಾತೇ. ಮೂರು ವಾರಗಳಲ್ಲಿ ಇದನ್ನು ಸಾಧಿಸಹೊರಟಾಗಲೇ ಅನರ್ಥ ಸಂಭವಿಸುತ್ತದೆ.

ಅದಕ್ಕೆ ಕಾರಣ ನಮ್ಮ ದೇಹದ ಕಟ್ಟಡದಲ್ಲಿಯೇ ಇದೆ. ಅಂಗಗಳೆಲ್ಲವೂ ಒಂದೇ ವೇಗದಿಂದ ಬಲಿಯುವುದಿಲ್ಲ. ಓಟವನ್ನು ಆರಂಭಿಸಿದ ಒಂದೆರಡು ವಾರಗಳಲ್ಲಿಯೇ ರಕ್ತದ ದ್ರವಭಾಗವು ಹೆಚ್ಚುತ್ತದೆ; ಏದುಸಿರು ಕಡಿಮೆಯಾಗುತ್ತದೆ. ಸ್ನಾಯುಗಳು ಚುರುಕಾದಂತೆ ತೋರುತ್ತವೆ. ಆದರೆ ಈ ಮೊದಲ ಬಲವು ಬಹುಮಟ್ಟಿಗೆ ನರಗಳು ಕಲಿತ ಪಾಠದ ಫಲವೇ ಹೊರತು ಸ್ನಾಯು ಬೆಳೆದುದರ ಫಲವಲ್ಲ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ. ಅವು ಬಲಿಯಲು ತಿಂಗಳುಗಳೇ ಬೇಕು. ಎಲುಬಿನ ಕಥೆಯು ಇನ್ನೂ ವಿಚಿತ್ರವಾದುದು. ಹೊರೆ ಹೆಚ್ಚಿದಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಸ್ವಲ್ಪ ಕರಗಿಸಿಕೊಂಡು ಬಳಿಕ ಆ ಎಡೆಯಲ್ಲಿ ಗಟ್ಟಿಯಾದ ಹೊಸ ಎಲುಬನ್ನು ಕಟ್ಟುತ್ತದೆ. ಮನೆಯ ಗೋಡೆಯನ್ನು ಬಿಚ್ಚಿ ಕಟ್ಟುವಂತೆಯೇ ಇದೂ ಸರಿ. ಈ ಕೆಲಸಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಉಸಿರು ಸಾಕಾಗುತ್ತದೆಂದು ಹುಡುಗನು ಓಟವನ್ನು ಇಮ್ಮಡಿಗೊಳಿಸುತ್ತಾನೆ. ಆ ಹೊತ್ತಿಗೆ ಗೋಡೆಯು ಬಿಚ್ಚಿದ ಸ್ಥಿತಿಯಲ್ಲಿಯೇ ಇರುತ್ತದೆ. ಮೊಣಕಾಲ ಕೆಳಗಿನ ಮುಂಗಾಲಿನೆಲುಬಿನಲ್ಲಿ ನೋವು, ಕೆಲವೊಮ್ಮೆ ಸೂಕ್ಷ್ಮವಾದ ಬಿರುಕು ಉಂಟಾಗುವುದು ಹೀಗೆಯೇ. ಅನಂತರ ಆರೆಂಟು ವಾರ ವಿಶ್ರಾಂತಿ; ಅಷ್ಟರಲ್ಲಿ ಪರೀಕ್ಷೆಯ ದಿನವೂ ಕಳೆದುಹೋಗುತ್ತದೆ.

ಇನ್ನು ಡಬ್ಬಿಗಳ ವಿಚಾರ. ಅವುಗಳಲ್ಲಿ ಕೆಲವು ಬರಿಯ ಹಾಲಿನ ಅಥವಾ ಸೋಯಾದ ಪುಡಿಗಳು. ಅವುಗಳಿಂದ ಹೆಚ್ಚಾಗಿ ಕೆಡುವುದು ತಂದೆಯ ಹಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಹೊರಡಿಸಿದ ಆಹಾರಸೂತ್ರಗಳಲ್ಲಿ, ಮೈಕಟ್ಟನ್ನು ಬೆಳೆಸಿಕೊಳ್ಳಲೆಂದು ಪ್ರೋಟೀನಿನ ಪುಡಿಗಳನ್ನು ಸೇವಿಸುವುದು ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ಆರುವತ್ತು ಕಿಲೋ ತೂಕದ ತರುಣನಿಗೆ ದಿನಕ್ಕೆ ಸುಮಾರು ೫೦ ಗ್ರಾಂ ಪ್ರೋಟೀನು ಬೇಕು. ಮುನ್ನೂರು ಗ್ರಾಂ ಜೋಳದಲ್ಲಿ ಸುಮಾರು ೩೦ ಗ್ರಾಂ, ನೂರು ಗ್ರಾಂ ತೊಗರಿಬೇಳೆಯಲ್ಲಿ ೨೦ ಗ್ರಾಮಿಗೂ ಮಿಕ್ಕು ಪ್ರೋಟೀನಿದೆ. ಜೋಳದಲ್ಲಿ ಕೊರತೆಯಾದ ಅಂಶವನ್ನು ಬೇಳೆಯು ತುಂಬಿಕೊಡುತ್ತದೆ. ಅದರ ಮೇಲೊಂದು ಮೊಟ್ಟೆಯೋ ಒಂದು ಹಿಡಿ ಶೇಂಗಾವೋ ಒಂದು ಲೋಟ ಹಾಲೋ ದೊರೆತರೆ ಮೈದಾನದಲ್ಲಿ ಓಡುವ ಹುಡುಗನ ಅಗತ್ಯವೂ ಪೂರೈಸಿತು. ತಾಂಡೂರಿನ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂದಿದೆ. ದೇಶವೇ ಮೆಚ್ಚಿದ ಬೇಳೆಯನ್ನು ಮನೆಯ ಗಡಿಗೆಯಲ್ಲಿಟ್ಟುಕೊಂಡು ಡಬ್ಬಿಯ ಪುಡಿಗಾಗಿ ಸಾಲ ಮಾಡುವುದು ಎಂತಹ ಬುದ್ಧಿ!

ಹಣದ ನಷ್ಟಕ್ಕಿಂತ ಭಯಂಕರವಾದುದು ಬೇರೊಂದಿದೆ. ತಿಂಗಳೊಳಗೆ ಮೈ ತುಂಬುತ್ತದೆಂದು ಹೇಳಿ ಕೊಡುವ ಕೆಲವು ಮಾತ್ರೆ, ಚುಚ್ಚುಮದ್ದುಗಳಲ್ಲಿ ಸ್ಟೆರಾಯ್ಡ್ ವರ್ಗದ ಔಷಧಗಳಿರುತ್ತವೆ. ಅವುಗಳಲ್ಲಿ ಒಂದು ಬಗೆಯವು ಹಸಿವನ್ನು ಕೆರಳಿಸಿ ಶರೀರದಲ್ಲಿ ನೀರು ನಿಲ್ಲುವಂತೆ ಮಾಡುತ್ತವೆ. ಮುಖ ಉಬ್ಬುತ್ತದೆ, ತೂಕ ಏರುತ್ತದೆ. ಮನೆಯವರು ಹುಡುಗನು ದಷ್ಟಪುಷ್ಟನಾದನೆಂದು ಹಿಗ್ಗುತ್ತಾರೆ. ಒಳಗೆ ರಕ್ತದಲ್ಲಿ ಸಕ್ಕರೆಯೂ ಒತ್ತಡವೂ ಏರುತ್ತಿರುತ್ತವೆ. ಬಹುದಿನ ಸೇವಿಸಿ ಥಟ್ಟನೆ ಬಿಟ್ಟರೆ ಪ್ರಾಣಾಪಾಯವೂ ಉಂಟು. ಇನ್ನೊಂದು ಬಗೆಯವು ಸ್ನಾಯುವನ್ನು ಬೆಳೆಸುವುದೇನೋ ನಿಜ. ಆದರೆ ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತವೆ, ಇನ್ನೂ ಬೆಳೆಯುತ್ತಿರುವ ಹುಡುಗನ ಎಲುಬಿನ ತುದಿಗಳನ್ನು ಅಕಾಲದಲ್ಲಿ ಮುಚ್ಚಿ ಅವನ ಎತ್ತರವನ್ನೇ ನಿಲ್ಲಿಸಿಬಿಡುತ್ತವೆ. ವೈದ್ಯರು ಬರೆದುಕೊಡದ ಇಂತಹ ವಸ್ತುವು ಮನೆಯಲ್ಲಿ ಕಂಡುಬಂದರೆ ಪಾಲಕರು ಹುಡುಗನನ್ನು ಗದರಿಸುವ ಮೊದಲು ಆ ವಸ್ತುವಿನೊಡನೆ ಅವನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ತಾವೇ ಥಟ್ಟನೆ ನಿಲ್ಲಿಸಬಾರದು.

ಹಾಗಾದರೆ ದಾರಿ ಯಾವುದು? ನಮ್ಮ ಎರೆಹೊಲದ ಹಿಂಗಾರಿ ಜೋಳವನ್ನು ನೋಡಿರಿ. ಉತ್ತರೆ ಹಸ್ತ ಮಳೆಗಳ ಸುಮಾರಿಗೆ ಬಿತ್ತಿದ ಬಳಿಕ ಅದಕ್ಕೆ ಹೇಳಿಕೊಳ್ಳುವಂತಹ ಮಳೆಯೇ ಇಲ್ಲ. ಮಳೆಗಾಲವೆಲ್ಲ ಮಣ್ಣು ಕುಡಿದಿಟ್ಟುಕೊಂಡ ತೇವ, ಚಳಿಗಾಲದ ಇಬ್ಬನಿ, ಆಳಕ್ಕಿಳಿದ ಬೇರು, ಇವುಗಳ ಆಧಾರದಿಂದಲೇ ಅದು ತೆನೆಗಟ್ಟುತ್ತದೆ. ಮೇಲಿನ ಉಬ್ಬರವನ್ನು ನೆಚ್ಚದೆ ಒಳಗಿನ ಸಂಗ್ರಹವನ್ನು ನೆಚ್ಚಿದ ಬೆಳೆ ಅದು. ದೇಹಬಲವೂ ಇದೇ ಜಾತಿಯದು. ಆದರೆ ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. "ಛಲ ಬೇಕು, ಮನಸ್ಸು ಗಟ್ಟಿಯಿರಬೇಕು" ಎಂದು ಮಕ್ಕಳಿಗೆ ಉಪದೇಶಿಸುವುದು ನಮ್ಮೆಲ್ಲರ ವಾಡಿಕೆ. ಛಲವೆಂಬುದು ಮಳೆಯಂತೆ, ಬಂದರೆ ಬಂದಿತು, ಹೋದರೆ ಹೋಯಿತು. ಅಭ್ಯಾಸವನ್ನು ನಿಲ್ಲಿಸುವುದು ಛಲವಲ್ಲ, ಏರ್ಪಾಡು. ಈ ಮಾತಿಗೆ ನಿದರ್ಶನ ಬೇಕೆಂದರೆ ನಾವು ಜಹೀರಾಬಾದಿನ ಪಕ್ಕದ ಪಸ್ತಾಪುರದಿಂದಾಚೆಗೆ ಹೋಗಬೇಕಾಗಿಲ್ಲ.

೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದುವು. ಗಡಿಯು ಬದಲಾದರೂ ಒಲೆಯ ಮೇಲಿನ ಹಂಚು ಬದಲಾಗಲಿಲ್ಲ; ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಯ ಬೇಳೆ, ಅಗಸಿಯ ಹಿಂಡಿ, ಇವೇ ನಮ್ಮ ಊಟವಾಗಿ ಉಳಿದುವು. ೧೯೮೩ರಲ್ಲಿ ಆಂಧ್ರ ಪ್ರದೇಶದ ಸರಕಾರವು ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿಯನ್ನು ಕೊಡತೊಡಗಿತು. ಹಸಿದ ಮನೆಗೆ ಅದು ದೊಡ್ಡ ಉಪಕಾರವೇ. ಅದನ್ನು ಹಳಿಯುವುದು ಸಲ್ಲದು. ಆದರೆ ಅದರ ಹಿಂದೆಯೇ ಮತ್ತೊಂದು ನಡೆಯಿತು. ಅಗ್ಗದ ಅಕ್ಕಿ ಮನೆಯ ಬಾಗಿಲಿಗೆ ಬಂದ ಬಳಿಕ ಕಷ್ಟಪಟ್ಟು ಜೋಳ ಬೆಳೆಯುವವರು ಕಡಿಮೆಯಾದರು. ತೆಳುಮಣ್ಣಿನ ಹೊಲಗಳು ಬೀಳುಬಿದ್ದುವು. ಬಿತ್ತದಿದ್ದುದರಿಂದ ಬೀಜ ಹೋಯಿತು. ಬೀಜ ಹೋದುದರಿಂದ ನವಣೆ, ಸಾವೆಗಳ ಹೆಸರನ್ನೂ ಮಕ್ಕಳು ಮರೆತರು. ಜೋಳ ತಿನ್ನಬಾರದೆಂದು ಯಾರೂ ಪಣ ತೊಟ್ಟಿರಲಿಲ್ಲ. ಏರ್ಪಾಡು ಬದಲಾಯಿತು, ಅಭ್ಯಾಸ ಅದರ ಬೆನ್ನು ಹತ್ತಿತು.

ಅದೇ ೧೯೮೩ರಲ್ಲಿ ಪಸ್ತಾಪುರದ ಸುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕಾರ್ಯವೂ ಮೊದಲಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನ ಕನ್ನಡಿಗರಾದ ಪಿ. ವಿ. ಸತೀಶರು. ದೂರದರ್ಶನದಲ್ಲಿ ಕೆಲಸ ಮಾಡಿದ್ದ ಅವರು ಈ ಒಣನೆಲಕ್ಕೆ ಬಂದು ನೆಲೆಸಿ, ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆನಿಸಿದ ೨೦೨೩ರ ಮಾರ್ಚಿಯಲ್ಲಿಯೇ ತೀರಿಕೊಂಡರು. ಆದರೆ ಅಲ್ಲಿಯ ನಿಜವಾದ ಕರ್ತೃಗಳೆಂದರೆ ಹಳ್ಳಿಯ ಬಡ ರೈತ ಹೆಂಗಸರು, ಅವರಲ್ಲಿಯೂ ಹೆಚ್ಚಾಗಿ ದಲಿತ ಸ್ತ್ರೀಯರು. "ಜೋಳ ತಿನ್ನಿರಿ, ಆರೋಗ್ಯಕ್ಕೆ ಒಳ್ಳೆಯದು" ಎಂದು ಭಾಷಣ ಮಾಡಿ ಅವರು ಸುಮ್ಮನಾಗಲಿಲ್ಲ. ಊರೂರಿನಲ್ಲಿ ಸಂಘ ಕಟ್ಟಿಕೊಂಡರು. ಅಳಿದುಳಿದ ಬೀಜಗಳನ್ನು ಹುಡುಕಿ ತಂದು ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಗಳಲ್ಲಿ ಕಾಪಿಟ್ಟರು. ಬೀಜ ಪಡೆದವರು ಬೆಳೆ ಬಂದ ಮೇಲೆ ಬೀಜವನ್ನೇ ಹಿಂದಿರುಗಿಸಬೇಕೆಂದು ಕಟ್ಟು ಮಾಡಿದರು. ೧೯೯೦ರ ದಶಕದಲ್ಲಿ ಬೀಳುಹೊಲಗಳನ್ನು ಮತ್ತೆ ಉಳುವುದಕ್ಕೆ ಮುಂಗಡ ಕೊಡಿಸಿ, ಅದನ್ನು ಧಾನ್ಯದ ರೂಪದಲ್ಲಿ ತೀರಿಸಿಕೊಂಡು, ಆ ಧಾನ್ಯವನ್ನು ಊರಿನಲ್ಲಿಯೇ ಸಂಗ್ರಹಿಸಿಟ್ಟು, ಬಡಮನೆಗಳಿಗೆ ಕಡಿಮೆ ಬೆಲೆಗೆ ಹಂಚುವ ವ್ಯವಸ್ಥೆಯನ್ನು ತಾವೇ ನಡೆಸಿದರು. ವರ್ಷಕ್ಕೊಮ್ಮೆ ಸುಗ್ಗಿಯ ಹೊತ್ತಿಗೆ ಎತ್ತಿನ ಬಂಡಿಗಳನ್ನು ಸಿಂಗರಿಸಿ ಬೀಜಗಳನ್ನು ಹೊತ್ತುಕೊಂಡು ಊರಿಂದೂರಿಗೆ ಜಾತ್ರೆ ಹೊರಡುವ ಪದ್ಧತಿಯನ್ನು ಹಾಕಿಕೊಂಡರು. ೨೦೦೮ರಲ್ಲಿ ಮಾಚನೂರಿನಲ್ಲಿ ತಮ್ಮದೇ ಆದ ರೇಡಿಯೋ ಕೇಂದ್ರವನ್ನು ತೆರೆದರು. ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಇವರ ಕಾರ್ಯಕ್ಕೆ ಈಕ್ವೇಟರ್ ಪ್ರಶಸ್ತಿಯನ್ನು ಕೊಟ್ಟಿತು. ಎಂದರೆ ಆರಂಭವಾದ ಮೂವತ್ತಾರು ವರ್ಷಗಳ ಬಳಿಕ.

ಈ ಹೆಂಗಸರು ಮಾಡಿದುದನ್ನು ಸೂಕ್ಷ್ಮವಾಗಿ ನೋಡಿದರೆ ಅಭ್ಯಾಸದ ಶಾಸ್ತ್ರವೇ ಅಲ್ಲಿದೆ. ಬೀಜವು ಕೈಗೆ ಸಿಕ್ಕುವಂತೆ ಮಾಡಿದರು. ಧಾನ್ಯವು ಊರಿನೊಳಗೇ ಇರುವಂತೆ ಮಾಡಿದರು. ಒಬ್ಬಳು ಬಿತ್ತಲು ಮರೆತರೆ ಇನ್ನೊಬ್ಬಳು ನೆನಪಿಸುವಂತೆ ಸಂಘ ಮಾಡಿದರು. ಬಡವರ ತಿನಿಸೆಂಬ ನಾಚಿಕೆಯನ್ನು ಕಳೆಯಲು ಜಾತ್ರೆ ಮಾಡಿದರು. ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಬೇರೊಂದು ದಾರಿಯಿಂದ ಬಂದು ಮುಟ್ಟಿದುದೂ ಇದೇ ನೆಲೆಯನ್ನು. ೨೦೦೯ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ೯೬ ಮಂದಿ ಸ್ವಯಂಸೇವಕರು ಊಟದೊಡನೆ ಹಣ್ಣು ತಿನ್ನುವುದು, ದಿನದ ಯಾವುದಾದರೂ ಗೊತ್ತಾದ ಕೆಲಸದ ಬಳಿಕ ವ್ಯಾಯಾಮ ಮಾಡುವುದು ಮುಂತಾದ ಒಂದೊಂದು ಅಭ್ಯಾಸವನ್ನು ಹನ್ನೆರಡು ವಾರ ನಡೆಸಿ ನೋಡಿದರು. ಯೋಚಿಸದೆಯೇ ಕೈಕಾಲು ತಾನಾಗಿ ನಡೆಯುವಷ್ಟು ಅದು ರೂಢಿಯಾಗಲು ಸರಾಸರಿ ೬೬ ದಿನ ಬೇಕಾಯಿತು. ಕೆಲವರಿಗೆ ೧೮ ದಿನಗಳೇ ಸಾಕಾದರೆ, ಕೆಲವರಿಗೆ ೨೫೪ ದಿನಗಳಾದರೂ ಬೇಕಾದೀತೆಂದು ಲೆಕ್ಕಹಾಕಲಾಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲವೆಂಬುದು ಅದರಲ್ಲಿ ಕಂಡುಬಂದ ಇನ್ನೊಂದು ಸಂಗತಿ. ಇಪ್ಪತ್ತೊಂದು ದಿನಗಳಲ್ಲಿ ಹೊಸ ಮನುಷ್ಯನಾಗಬಹುದೆಂದು ಸಾರುವವರ ಮಾತನ್ನು ಇನ್ನು ಮುಂದೆ ನಮ್ಮ ವಿದ್ಯಾರ್ಥಿಗಳು ನಂಬಲಾರರೆಂದು ನೆಚ್ಚಿದ್ದೇವೆ.

ಅಂದಮಾತ್ರಕ್ಕೆ ಜೋಳವೊಂದನ್ನೇ ದಿವ್ಯೌಷಧವೆಂದು ಭಾವಿಸಬಾರದು. ಈಚೆಗೆ ಸಿರಿಧಾನ್ಯಗಳೂ ಪೊಟ್ಟಣಗಳೊಳಗೆ ಹೊಕ್ಕು "ಸಕ್ಕರೆ ಕಾಯಿಲೆಗೆ ರಾಮಬಾಣ" ಎಂದು ಮಾರಾಟವಾಗುತ್ತಿವೆ. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರಿನಂಶವಿದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು ೩ ಗ್ರಾಂ. ಇದು ದೊಡ್ಡ ವ್ಯತ್ಯಾಸವೇ. ಆದರೆ ಶಕ್ತಿಯ ಪ್ರಮಾಣದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಹೊಲದಲ್ಲಿ ದುಡಿಯುವ ತಂದೆಯು ತಿನ್ನುವಷ್ಟೇ ರೊಟ್ಟಿಗಳನ್ನು ಅಂಗಡಿಯಲ್ಲಿ ಕುಳಿತಿರುವ ಮಗನೂ ತಿಂದರೆ ಜೋಳವು ಅವನನ್ನು ಕಾಪಾಡಲಾರದು.

ಪಾಲಕರಿಗಾಗಿ ಈ ಕಾಯಿಲೆಯ ವಿಚಾರವಾಗಿಯೂ ಎರಡು ಮಾತು. ಭಾರತದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದೂ ಇನ್ನೂ ಸುಮಾರು ೧೩ ಕೋಟಿ ೬೦ ಲಕ್ಷ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಸಮೀಕ್ಷೆಯು ಅಂದಾಜು ಮಾಡಿದೆ. ಹೊಸ್ತಿಲಲ್ಲಿರುವವರನ್ನು ತಡೆಯಬಹುದೇ ಎಂಬುದನ್ನು ಚೆನ್ನೈಯ ವೈದ್ಯರು ೫೩೧ ಮಂದಿಯ ಮೇಲೆ ಪರೀಕ್ಷಿಸಿ ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ಎರಡೂವರೆ ವರ್ಷಗಳ ಬಳಿಕ, ವಿಶೇಷ ಸಲಹೆ ಪಡೆಯದವರಲ್ಲಿ ನೂರಕ್ಕೆ ೫೫ ಮಂದಿಗೆ ಕಾಯಿಲೆ ಬಂದಿದ್ದಿತು. ನಿತ್ಯ ನಡಿಗೆ, ಮಿತವಾದ ಊಟಗಳನ್ನು ಅನುಸರಿಸಿದವರಲ್ಲಿ ಸುಮಾರು ೩೯ ಮಂದಿಗೆ. ಮಾತ್ರೆ ನುಂಗಿದವರ ಫಲವೂ ಹೆಚ್ಚುಕಡಿಮೆ ನಡೆದವರ ಫಲದಷ್ಟೇ. ಈಗಾಗಲೇ ಕಾಯಿಲೆ ಬಂದು ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ಮಾತ್ರೆಯನ್ನು ಬಿಡಕೂಡದು. ನಡಿಗೆಯನ್ನು ಅದರೊಡನೆ ಸೇರಿಸಿಕೊಳ್ಳಬೇಕು.

ವಿದ್ಯಾರ್ಥಿಗಳೆ, ಈಗ ನಿಮ್ಮ ಏರ್ಪಾಡಿನ ಮಾತು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ಆ ಗಂಟೆಯನ್ನು ಒಟ್ಟಿಗೆ ಹುಡುಕಿದರೆ ಸಿಗುವುದಿಲ್ಲ. ಇರುವ ದಿನಚರಿಗೆ ಗಂಟು ಹಾಕಬೇಕು. ಶಾಲೆಯು ಒಂದೆರಡು ಮೈಲಿಯೊಳಗಿದ್ದು ದಾರಿಯು ಸುರಕ್ಷಿತವಾಗಿದ್ದರೆ ಆಟೋವನ್ನು ಕಾಯದೆ ನಡೆದು ಬನ್ನಿರಿ. ಹಲ್ಲುಜ್ಜಿದ ಕೂಡಲೆ ಹತ್ತು ಬಸ್ಕಿ, ಐದು ದಂಡ. ಹಲ್ಲುಜ್ಜುವುದನ್ನು ಯಾರೂ ಮರೆಯುವುದಿಲ್ಲವಷ್ಟೆ, ಅದೇ ಇದಕ್ಕೂ ಗಂಟೆ ಬಾರಿಸುತ್ತದೆ. ಓಟವನ್ನು ಒಂಟಿಯಾಗಿ ಮಾಡದೆ ಓಣಿಯ ಮೂವರು ಕೂಡಿ ಮಾಡಿರಿ. ಮೊದಲ ತಿಂಗಳು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ ಸಾಕು. ಓಡುವಾಗ ಜೊತೆಯವನೊಡನೆ ಮಾತನಾಡಲು ಸಾಧ್ಯವಾಗುತ್ತಿರಬೇಕು. ಮಾತು ಕಡಿದುಹೋದರೆ ವೇಗವು ಹೆಚ್ಚಾಯಿತೆಂದು ತಿಳಿಯಿರಿ. ಈ ಪ್ರಮಾಣವನ್ನು ತಿಂಗಳಿಗೊಮ್ಮೆ ಸ್ವಲ್ಪ ಏರಿಸಿದರೆ ಸಾಕು.

ನಮ್ಮ ಕಡೆಯ ಹಳೆಯ ಗರಡಿಗಳಲ್ಲಿ, ತಾಲೀಮುಖಾನೆಗಳಲ್ಲಿ ಹೊಸಬನಿಗೆ ಮೊದಲು ಕುಸ್ತಿಯನ್ನು ಕಲಿಸುತ್ತಿರಲಿಲ್ಲ, ಮಣ್ಣನ್ನು ಅಗೆಯಿಸುತ್ತಿದ್ದರು. ಉಸ್ತಾದರು ಜಿಪುಣರೆಂದು ಹುಡುಗರು ಗೊಣಗುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಎಲುಬು ಬಲಿಯಲಿ ಎಂಬುದು ಅದರ ಗುಟ್ಟು. ವ್ಯಾಯಾಮವೆಂದರೆ ಓದು ಬಾರದವರ ಕಸುಬೆಂದು ಎಣಿಸುವ ಪಾಲಕರಿಗೆ ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ನೆನಪಿಸಬೇಕು. ವ್ಯಾಯಾಮಶಾಲೆಯನ್ನು ನಡೆಸಿ ದೇಹದಾರ್ಢ್ಯಕ್ಕೆ ಹೆಸರಾಗಿದ್ದ ಅವರೇ "ಶಾಂತಲಾ", "ರೂಪದರ್ಶಿ" ಕಾದಂಬರಿಗಳ ಕರ್ತೃಗಳು. ದೂರದೂರಿನವರಿಗೆ ಅವರು ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸುತ್ತಿದ್ದರು.

ಬಾಲಿಕೆಯರ ವಿಷಯದಲ್ಲಿ ನಾವು ಪಾಲಕರನ್ನು ನೇರವಾಗಿಯೇ ಕೇಳುತ್ತೇವೆ. ಆರನೆಯ ತರಗತಿಯವರೆಗೆ ಗಂಡುಹುಡುಗರನ್ನು ಹಿಂದೆ ಹಾಕಿ ಓಡುತ್ತಿದ್ದ ಹುಡುಗಿಯು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಕೈಕಟ್ಟಿಕೊಂಡು ನಿಲ್ಲುವುದೇಕೆ? ಎಲುಬಿನ ಸಾಂದ್ರತೆಯ ಬಹುಭಾಗವು ಸೇರುವುದು ಹರೆಯದ ಈ ಕೆಲವೇ ವರ್ಷಗಳಲ್ಲಿ. ಆಗ ಕೂಡಿಟ್ಟುದನ್ನೇ ಅವಳು ಮುಪ್ಪಿನವರೆಗೆ ಖರ್ಚು ಮಾಡಬೇಕು. ನೀರು ಹೊರುವುದು, ಬಟ್ಟೆ ಒಗೆಯುವುದು ವ್ಯಾಯಾಮವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅದು ದುಡಿಮೆ; ದೇಹಕ್ಕೆ ಅದರಿಂದಲೂ ಪ್ರಯೋಜನವಿದೆ; ಆದರೆ ಆಟದ ಹರ್ಷವು ಅದರಲ್ಲಿಲ್ಲ. ಆ ೮೦೦ ಮೀಟರನ್ನು ಓಡಬೇಕಾದವರಲ್ಲಿ ನಿಮ್ಮ ಮಗಳೂ ಒಬ್ಬಳಾಗಿರಬಹುದು. ಹಾಗೆಯೇ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ಬೆಳವಣಿಗೆಯ ರಸವು ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿ. ಮೊಬೈಲು ರಾತ್ರಿ ಒಂಬತ್ತರ ಬಳಿಕ ಅಡಿಗೆಮನೆಯ ಗೂಡಿನಲ್ಲಿರಲಿ, ತಂದೆಯ ಮೊಬೈಲೂ ಅದರ ಪಕ್ಕದಲ್ಲಿಯೇ ಇರಲಿ.

ಹೀಗೆ ಕಟ್ಟಿದ ಏರ್ಪಾಡು ವರ್ಷದಲ್ಲಿ ಹಲವು ಸಲ ಮುರಿಯುವುದು ಖಂಡಿತ. ತೊಗರಿಯ ರಾಶಿಯ ದಿನಗಳು, ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆ, ಅಕ್ಕನ ಮದುವೆ, ಮಾರ್ಚಿಯ ಪರೀಕ್ಷೆ, ಬಳಿಕ ಏಪ್ರಿಲಿನ ಬಿಸಿಲು. ಇಂತಹ ದಿನಗಳಿಗಾಗಿ ಒಂದು ಕಿರಿಯ ಪ್ರಮಾಣವನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿರಿ: ಐದು ನಿಮಿಷದ ನಡಿಗೆ, ಹತ್ತು ಬಸ್ಕಿ, ಅಷ್ಟೆ. ಬೇಸಗೆಯಲ್ಲಿ ಹೊತ್ತು ಮೂಡುವ ಮೊದಲು ಮಾತ್ರ ಓಡಬೇಕು. ಬಿಸಿಲೇರಿದ ಮೇಲೆ ಕೂಡದು. ಜ್ವರ ಬಂದಾಗ ಕಿರಿಯ ಪ್ರಮಾಣವೂ ಬೇಡ. ಎರಡು ವಾರ ಪೂರ್ತಿಯಾಗಿ ನಿಂತುಹೋಗಿದ್ದರೆ ಬಿಟ್ಟಲ್ಲಿಂದ ಹಿಡಿಯದೆ ಹಿಂದಿನ ತಿಂಗಳ ಪ್ರಮಾಣದಿಂದ ಮತ್ತೆ ಮೊದಲು ಮಾಡಿರಿ. ಓಡುವಾಗ ಎದೆನೋವು ಬಂದರೆ, ತಲೆತಿರುಗಿ ಬಿದ್ದರೆ, ಅಥವಾ ಎಲುಬಿನ ಒಂದೇ ಜಾಗದಲ್ಲಿ ಒತ್ತಿದಾಗ ನೋವಾಗುತ್ತ ಅದು ವಾರವಾದರೂ ಹೋಗದಿದ್ದರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು. ಮೊದಲು ನಿಮ್ಮ ವರ್ಗದ ಉಪಾಧ್ಯಾಯರಿಗೆ ತಿಳಿಸಿರಿ.